ಕಾನು, ಕೆರೆ, ಗುಡಿ ಮೂರಕ್ಕೂ ಒಂದೇ ಠರಾವು: ಊರ ಜಾಗ ಉಳಿಸಿಕೊಳ್ಳುವವರಿಗೆ ಹಂತ ಹಂತದ ದಾರಿ

ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. "ನಮ್ಮೂರ ಕೆರೆ ಏರಿಯ ಮೇಲೆ ಹಳೆಯ ಗುಡಿ ಇದೆ, ಹಿಂದೆ ಕಾನು (ದಟ್ಟ ಹಸಿರು ಕಾಡು) ಇದೆ, ನಾಲ್ಕಾರು ವೀರಗಲ್ಲು ಬಿದ್ದುಕೊಂಡಿವೆ. ಪ್ರವಾಸಿ ತಾಣ ಮಾಡುತ್ತಾರಂತೆ, ಅನುದಾನವೂ ಬಂದಿದೆಯಂತೆ. ನಾವೀಗ ಯಾರಿಗೆ ಅರ್ಜಿ ಕೊಡಬೇಕು?" ಶಿರಸಿ, ಸಿದ್ದಾಪುರದ ಕಡೆಯವರಾದರೆ ಕೆರೆಯ ಮಾತು, ಕುಮಟಾದವರಾದರೆ ಗಜನಿಯದು, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯದು, ಕಾರವಾರದವರಾದರೆ ಕಡಲತೀರದ್ದು. ಪ್ರಶ್ನೆ ಮಾತ್ರ ಒಂದೇ. ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳುವುದಕ್ಕಿಂತ ಬರೆದಿಟ್ಟರೆ ಲೇಸೆಂದು ಕೂತಿದ್ದೇನೆ.

ಅರ್ಜಿ ಕೊನೆಯ ಕೆಲಸ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಹುಪಾಲು ಊರುಗಳು ಅರ್ಜಿಯಿಂದ ಶುರುಮಾಡುತ್ತವೆ. ಆಮೇಲೆ ಸ್ವಾಗತ ಕಮಾನು, ಇಂಟರ್‌ಲಾಕ್ ಹಾಸು, ಕೆರೆಗೆ ಸುತ್ತ ಕಾಂಕ್ರೀಟ್ ಗೋಡೆ, ಒಂದು ಸಿಮೆಂಟಿನ ಜಿಂಕೆ. ಎರಡನೆಯ ಮಳೆಗಾಲಕ್ಕೆ ಜಿಂಕೆಯ ಕಾಲು ಮುರಿದಿರುತ್ತದೆ.

ಇಲಾಖೆಯ ಕಾಗದಗಳಲ್ಲಿ ಈಗ 'ಪ್ಲೇಸ್‌ಮೇಕಿಂಗ್' ಎಂಬ ಪದ ಓಡಾಡುತ್ತಿದೆ. ಅಲ್ಲಿ ಬಾಳುವವರೇ ಕೂತು, ಜಾಗ ಹೇಗಿರಬೇಕೆಂದು ನಿರ್ಧರಿಸಿ, ಅದನ್ನು ಉಳಿಸುತ್ತ ಬಳಸುವುದು ಎಂದಷ್ಟೇ ಅದರ ಅರ್ಥ. ಪದ ಹೊಸದು, ಕೆಲಸ ಹಳೆಯದು. ಕುಮಟಾದ ಹಳಕಾರದವರು 1920ರ ದಶಕದಿಂದ ತಮ್ಮ ಗ್ರಾಮ ಅರಣ್ಯವನ್ನು ತಾವೇ ಕಾವಲಿಟ್ಟು ನೋಡಿಕೊಂಡು ಬಂದಿದ್ದಾರೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗಲೂ ಅವರ ಕೈಯಲ್ಲಿ ಯಾವ ನೀತಿಯ ಕರಡೂ ಇರಲಿಲ್ಲ.

ನಮ್ಮಲ್ಲಿ ಪರಂಪರೆ ಮತ್ತು ಪ್ರಕೃತಿ ಒಂದೇ ಸರ್ವೆ ನಂಬರಿನೊಳಗಿವೆ, ಆದರೆ ಬೇರೆ ಬೇರೆ ಕಚೇರಿಯ ಫೈಲುಗಳಲ್ಲಿವೆ. ಸಹಸ್ರಲಿಂಗವನ್ನೇ ನೋಡಿ. ಸೋಂದಾ ಅರಸರ ಕಾಲದಲ್ಲಿ ಶಾಲ್ಮಲೆಯ ಬಂಡೆಗಳಿಗೆ ಕೆತ್ತಿದ ಲಿಂಗ, ಬಸವ. ಮಳೆಗಾಲದಲ್ಲಿ ನೀರಿನಡಿ, ಬೇಸಿಗೆಯಲ್ಲಿ ಬಿಸಿಲಿಗೆ. ಅಲ್ಲಿ ಕಲ್ಲನ್ನು ಒಂದು ಇಲಾಖೆಗೆ, ಹೊಳೆಯನ್ನು ಇನ್ನೊಂದಕ್ಕೆ ಎಂದು ಹರಿದು ಹಂಚಲಾದೀತೇ? ನಿಮ್ಮೂರಿನದೂ ಚಿಕ್ಕ ಪ್ರಮಾಣದಲ್ಲಿ ಇದೇ ಕಥೆ. ಎರಡನ್ನೂ ಒಂದೇ ಕಾಗದದ ಮೇಲೆ, ಅಂದರೆ ಗ್ರಾಮಸಭೆಯ ಒಂದೇ ಠರಾವಿನಲ್ಲಿ (ನಿರ್ಣಯದಲ್ಲಿ) ತರುವುದೇ ಈ ಬರಹದ ಕೆಲಸ.

ಏನೇನು ಬೇಕು

ಇನ್ನೂರು ಪುಟದ ಒಂದು ನೋಟ್‌ಬುಕ್, ಊರಿನ ಗ್ರಾಮನಕ್ಷೆ, ಸಂಬಂಧಪಟ್ಟ ಸರ್ವೆ ನಂಬರುಗಳ ಪಹಣಿ, ದಿಶಾಂಕ್ ಆ್ಯಪ್ ಹಾಕಿಕೊಂಡ ಒಂದು ಮೊಬೈಲ್. ಎಂಟು ಹತ್ತು ಜನ. ಅವರಲ್ಲಿ ಅರ್ಧದಷ್ಟಾದರೂ ಹೆಂಗಸರು, ಒಬ್ಬರಾದರೂ ಅಚ್ಚುಕಟ್ಟಾಗಿ ಬರೆಯಬಲ್ಲವರು. ಒಂದೂವರೆ ವರ್ಷದ ತಾಳ್ಮೆ. ಹಣ ಈ ಪಟ್ಟಿಯಲ್ಲಿಲ್ಲ, ಅದು ಏಳನೆಯ ಹಂತದಲ್ಲಿ ಬರುತ್ತದೆ.

1. ನಡೆಯಿರಿ, ಎರಡು ಸಲ

ಒಮ್ಮೆ ಜಡಿಮಳೆಯಲ್ಲಿ, ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ. ಮಳೆಯಲ್ಲಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುತ್ತದೆ. ಬೇಸಿಗೆಯಲ್ಲಿ ಮುಳುಗಿದ್ದ ಮೆಟ್ಟಿಲು, ತೂಬು, ಕೆತ್ತನೆ ಕಾಣುತ್ತವೆ. ಒಂದೇ ಋತುವಿನಲ್ಲಿ ಮಾಡಿದ ಪಟ್ಟಿ ಅರ್ಧ ಪಟ್ಟಿ.

ಯಾರ ಜೊತೆ ನಡೆಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಊರಿನ ಇತಿಹಾಸ ಬಲ್ಲ ಹಿರಿಯರನ್ನು ಕರೆದೇ ಕರೆಯುತ್ತೀರಿ. ಅವರು ಅರಸರ ಹೆಸರು ಹೇಳುತ್ತಾರೆ. ಕಾನಿನಲ್ಲಿ ಉಪ್ಪಾಗೆ, ಮುರುಗಲು, ರಾಮಪತ್ರೆ ಹೆಕ್ಕುವವರನ್ನು ಕರೆಯಿರಿ. ದರಕು (ಉದುರಿದ ಒಣ ಎಲೆ) ಗುಡಿಸುವವರನ್ನು, ದನ ಬಿಡುವವರನ್ನು, ಜೇನು ತೆಗೆಯುವವರನ್ನು, ಬನದ ದೇವತೆ ಚೌಡಿಗೆ ವರ್ಷಕ್ಕೊಮ್ಮೆ ಕಾಯಿ ಒಡೆಯುವ ಮನೆಯವರನ್ನು ಕರೆಯಿರಿ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಯರು, ಗೌಳಿಗರು, ಜೋಯಿಡಾದಲ್ಲಿ ಕುಣಬಿಯರು, ಅಂಕೋಲಾ, ಕುಮಟಾದಲ್ಲಿ ಹಾಲಕ್ಕಿಯವರು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಈ ಜನರೇ ಜಾಗವನ್ನು ದಿನಾ ಬಳಸುವವರು.

ಬರೆಯುವುದು ಹೇಗೆ? ವಿಶೇಷಣ ಬೇಡ. 'ರಮಣೀಯ' ಎಂಬ ಪದ ಕಂಡರೆ ಹೊಡೆದುಹಾಕಿ. ಒಂದು ಪುಟ ಹೀಗಿದ್ದರೆ ಸಾಕು:

"ಮೂಡಣ ದಂಡೆ. ಮೆಟ್ಟಿಲು ಹನ್ನೊಂದು, ಕೆಳಗಿನ ನಾಲ್ಕು ಬೇಸಿಗೆಯಲ್ಲಿ ಮಾತ್ರ ಕಾಣುತ್ತವೆ. ಮೂರನೆಯದರಲ್ಲಿ ಅಕ್ಷರ ಇದ್ದಂತಿದೆ. ತೂಬಿನ ಕಲ್ಲು ಓರೆಯಾಗಿದೆ, ಬಳಿಯಲ್ಲಿ ನೀರು ಜಿನುಗುತ್ತದೆ. ಏಪ್ರಿಲ್‌ನಲ್ಲಿ ಮೂರು ಮನೆಯವರು ತೋಟಕ್ಕೆ ಕೆರೆಯ ಗೋಡು ಮಣ್ಣು ಒಯ್ಯುತ್ತಾರೆ. ಅತ್ತಿಮರದ ಬುಡದಲ್ಲಿ ಚೌಡಿಕಲ್ಲು. ಆಚೆ ಕೆಸರಿನಂಚು, ಮಳೆಗಾಲ ಕಳೆದ ಮೇಲೆ ನೀರುಹಕ್ಕಿ ಇಳಿಯುತ್ತವೆ. ಕಂಬಳಿಕೊಪ್ಪೆ ಹಾಕಿದವರ ಕಾಲದಲ್ಲಿ ಇಲ್ಲಿ ಎಮ್ಮೆ ತೊಳೆಯುತ್ತಿದ್ದರಂತೆ, ಈಗಿಲ್ಲ."

ಇದರಲ್ಲಿ ಪರಂಪರೆ ಯಾವ ಸಾಲು, ಪ್ರಕೃತಿ ಯಾವ ಸಾಲು ಎಂದು ಬೇರೆ ಮಾಡಲು ಹೋಗಬೇಡಿ.

ಎಡವುವ ಜಾಗ: ಬಿದ್ದ ವೀರಗಲ್ಲನ್ನು ಉತ್ಸಾಹದಿಂದ ಎತ್ತಿ ಗುಡಿಯೆದುರು ಸಾಲಾಗಿ ನಿಲ್ಲಿಸುವುದು. ಕಲ್ಲು ಇದ್ದ ಜಾಗವೇ ಒಂದು ದಾಖಲೆ. ಹಳೆಯ ಗಡಿ, ದಾರಿ ಅಥವಾ ಕಾಳಗದ ಸುಳಿವು ಅಲ್ಲಿರಬಹುದು. ಇದ್ದಲ್ಲೇ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಡಿ. ಅಕ್ಷರ ಕಾಣಲೆಂದು ಸುಣ್ಣ, ಅರಿಶಿನ, ಎಣ್ಣೆ ಬಳಿಯಬೇಡಿ. ಸಂಜೆಯ ಓರೆ ಬಿಸಿಲಿಗೆ ಕಾದರೆ ಅಕ್ಷರ ತಾನೇ ಎದ್ದು ಕಾಣುತ್ತದೆ.

2. ಜಾಗ ಯಾರದೆಂದು ತಿಳಿದುಕೊಳ್ಳಿ

ಬೇಸರದ ಕೆಲಸ, ಆದರೆ ಹತ್ತರಲ್ಲಿ ಎಂಟು ಯೋಜನೆ ಕುಸಿಯುವುದು ಇಲ್ಲಿಯೇ ಎಂಬುದು ನನ್ನ ಅನುಭವ. 'ಊರಿನ ಜಾಗ' ಎಂದು ಎಲ್ಲರೂ ಹೇಳುತ್ತಾರೆ, ಪಹಣಿ ಬೇರೆಯೇ ಹೇಳುತ್ತದೆ. ನಮ್ಮ ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಭೂಮಿ ಅರಣ್ಯದ ಲೆಕ್ಕದಲ್ಲಿದೆ ಎಂಬುದನ್ನು ನೆನಪಿಡಿ.

ಜಾಗದಲ್ಲಿ ನಿಂತು ದಿಶಾಂಕ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಕೆರೆಯ ನಾಲ್ಕೂ ಮೂಲೆಯಲ್ಲಿ, ಗುಡಿಯ ಬಾಗಿಲಲ್ಲಿ, ಬನದ ನಡುವೆ ನಿಂತು ಒಂದೊಂದನ್ನೂ ಬರೆದುಕೊಳ್ಳಿ. ದಟ್ಟ ಮರದಡಿ ಮೊಬೈಲ್ ಹೆಜ್ಜೆ ತಪ್ಪುತ್ತದೆ. ಆ್ಯಪ್ ಕೊಡುವುದು ಸುಳಿವು, ಗಡಿ ಗುರುತಿಸಬೇಕಾದವನು ಭೂಮಾಪಕ. ನಂತರ ಪಹಣಿ ತೆಗೆಸಿ ಗ್ರಾಮ ಆಡಳಿತ ಅಧಿಕಾರಿಯೊಡನೆ ಕೂತು ಓದಿ. ಸಾಮಾನ್ಯವಾಗಿ ಸಿಗುವುದು ಇವು:

'ಬ' ಖರಾಬು ಎಂದಿದ್ದರೆ ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಗೆ ಬಾರದ ಸರ್ಕಾರಿ ಜಾಗ. ಕೆರೆ, ಹಳ್ಳ, ದಾರಿ ಹೆಚ್ಚಾಗಿ ಇದರಲ್ಲಿರುತ್ತವೆ.

ಅರಣ್ಯ ಎಂದಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯ. ಅರಣ್ಯೇತರ ಉಪಯೋಗಕ್ಕೆ ಕೇಂದ್ರದ ಅನುಮತಿ ಬೇಕು. ಶೌಚಾಲಯ, ಪಾರ್ಕಿಂಗ್ ಎಂದು ಯೋಜನೆ ಬರೆದು ಮೂರು ವರ್ಷ ಕಚೇರಿ ಅಲೆದವರನ್ನು ಕಂಡಿದ್ದೇನೆ.

ಸೊಪ್ಪಿನ ಬೆಟ್ಟ ನಮ್ಮ ಜಿಲ್ಲೆಯ ವಿಶೇಷ. ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆವರೆಗೆ ಸೊಪ್ಪು, ದರಕಿಗಾಗಿ ಕೊಟ್ಟ ಸವಲತ್ತು ಅದು, ಒಡೆತನವಲ್ಲ. ಬೆಟ್ಟ ಯಾರ ಹೆಸರಿನಲ್ಲಿದೆಯೋ ಅವರನ್ನು ಮೊದಲ ದಿನವೇ ಮಾತಿಗೆ ಕರೆಯದಿದ್ದರೆ ಕೊನೆಯ ದಿನ ಬಂದು ತಡೆಯುತ್ತಾರೆ. ತಪ್ಪೂ ಅವರದಲ್ಲ.

ಗುಡಿ ಮುಜರಾಯಿ ಪಟ್ಟಿಯಲ್ಲಿದೆಯೇ ಎಂದು ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಿತ ಸ್ಮಾರಕವಾದರೆ, ಬನವಾಸಿಯ ಮಧುಕೇಶ್ವರ, ಮಿರ್ಜಾನ್ ಕೋಟೆ, ಗೇರುಸೊಪ್ಪೆಯ ಚತುರ್ಮುಖ ಬಸದಿ ಇದ್ದಂತೆ, ಅದರ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಎಂದರೆ ಹೊಸ ಕಟ್ಟಡವಿಲ್ಲ. ನಿಯಂತ್ರಿತ ಎಂದರೆ ಅನುಮತಿ ಪಡೆದು ಕಟ್ಟಬಹುದು. ಈ ಅಂತರ 1992ರ ಅಧಿಸೂಚನೆಯಲ್ಲಿ ಬಂದದ್ದು, 2010ರ ತಿದ್ದುಪಡಿಯಿಂದ 1958ರ ಕಾಯ್ದೆಯೊಳಗೇ ಸೇರಿತು. ಹಳೆಯ ಮನೆ ದುರಸ್ತಿಗೂ ಅಲ್ಲಿ ಕಾಗದ ಬೇಕಾಗುತ್ತದೆ ಎಂಬುದನ್ನು ಸುತ್ತಲಿನ ಮನೆಯವರಿಗೆ ತಿಳಿಸಿ. 'ಸ್ಮಾರಕ ಎಂದು ಘೋಷಿಸಿ' ಎಂದು ಕೂಗುವ ಮುನ್ನ ಊರು ಇದನ್ನು ತಿಳಿದಿರಬೇಕು.

ತಲೆಮಾರುಗಳಿಂದ ಕಾಡನ್ನು ಒಟ್ಟಾಗಿ ಬಳಸಿಕೊಂಡು ಕಾಪಾಡಿದ ಊರಾದರೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕನ್ನೂ ಕೇಳಬಹುದು. ಕಿರು ಉತ್ಪನ್ನ, ಮೇವಿನಂಥ ಸಮುದಾಯ ಹಕ್ಕಿಗೆ 'ಬಿ' ನಮೂನೆ. ಕಾಡನ್ನು ಕಾಪಾಡಿ ನಿರ್ವಹಿಸುವ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕಿಗೆ 'ಸಿ' ನಮೂನೆ. ಒಬ್ಬೊಬ್ಬರ ಅತಿಕ್ರಮಣದ ಅರ್ಜಿಗಳ ಗದ್ದಲದಲ್ಲಿ ಈ 'ಸಿ' ನಮೂನೆಯನ್ನು ನಮ್ಮಲ್ಲಿ ಯಾರೂ ನೆನೆಯುವುದಿಲ್ಲ.

3. ಪಂಚಾಯಿತಿಯ ಜೀವವೈವಿಧ್ಯ ಸಮಿತಿಯನ್ನು ಎಬ್ಬಿಸಿ

ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂಬುದೊಂದು ಇದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಲೇಬೇಕು. ಅದರ ಮುಖ್ಯ ಕೆಲಸ ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು: ಊರಿನ ಗಿಡ, ಪ್ರಾಣಿ, ತಳಿ ಮತ್ತು ಅವುಗಳ ಕುರಿತು ಜನರಿಗಿರುವ ತಿಳಿವಳಿಕೆಯ ಪುಸ್ತಕ.

ಪಿಡಿಒ ಅವರಲ್ಲಿ ಎರಡು ಪ್ರಶ್ನೆ ಕೇಳಿ. ಸಮಿತಿಯ ಸದಸ್ಯರು ಯಾರು? ದಾಖಲಾತಿಯ ಪ್ರತಿ ಎಲ್ಲಿದೆ? ಮೊದಲ ಪ್ರಶ್ನೆಗೆ ಉತ್ತರ ಹುಡುಕುವಾಗ ತಾನು ಸದಸ್ಯನೆಂಬುದೇ ಗೊತ್ತಿಲ್ಲದ ಒಬ್ಬರಾದರೂ ಸಿಗುತ್ತಾರೆ. ಬೈಯಬೇಡಿ, ಚಹಾ ಕುಡಿಸಿ ಸೇರಿಸಿಕೊಳ್ಳಿ.

ಎರಡನೆಯದಕ್ಕೆ ಹಿನ್ನೆಲೆ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರೊಳಗೆ ಎಲ್ಲೆಡೆ ದಾಖಲಾತಿ ಮುಗಿಸಬೇಕು, ತಪ್ಪಿದರೆ ರಾಜ್ಯಗಳಿಗೆ ದಂಡ ಎಂದು ಗಡುವು ಹಾಕಿತ್ತು. ಗಡುವಿನ ಓಟದಲ್ಲಿ ಎಷ್ಟೋ ಕಡೆ ಪುಸ್ತಕ ತುಂಬಿತು, ಊರು ಅದರೊಳಗೆ ಬರಲಿಲ್ಲ. ಕರಾವಳಿಯ ಒಂದು ಪಂಚಾಯಿತಿಯ ಪ್ರತಿ ನನ್ನ ಕೈಗೆ ಬಂದಿತ್ತು. ಗಜನಿಯ ಊರು, ಅದರಲ್ಲಿ ಕಗ್ಗದ ಹೆಸರಿಲ್ಲ! ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಭತ್ತವನ್ನು ಬಿಟ್ಟು ಬೇವು, ತುಳಸಿ, ಅಲೋವೆರಾ ಬರೆದಿದ್ದರು.

ಪ್ರತಿ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಅವಧಿ. ಸಿಕ್ಕ ಮೇಲೆ ನಿಮ್ಮ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು ಓದಿ, ಬಿಟ್ಟುಹೋದದ್ದನ್ನು ಸಮಿತಿಯ ಸಭೆಯಲ್ಲಿ ಸೇರಿಸಿ. ದೇವರಕಾಡು, ನಾಗಬನ, ಚೌಡಿಬನ, ಹುಲಿಯಪ್ಪನ ಕಟ್ಟೆ ಇವಕ್ಕೆ ಒಂದೊಂದು ಪುಟ ಕೊಡಿ. ಬನದ ಕಟ್ಟಳೆಗಳನ್ನು ಹೇಳಿದಂತೆಯೇ ಬರೆಯಿರಿ: 'ಇಲ್ಲಿ ಕತ್ತಿ ಹಚ್ಚುವುದಿಲ್ಲ', 'ಬಿದ್ದ ಮರವನ್ನೂ ಒಯ್ಯುವುದಿಲ್ಲ'. ಹೊನ್ನಾವರ ತಾಲ್ಲೂಕಿನ ಕರಿಕಾನಮ್ಮನ ಗುಡಿಯ ಸುತ್ತ, ಬೇರೆಡೆ ವಿರಳವಾದ ಎತ್ತರದ ಧೂಪದ ಜಾತಿಯ ಮರಗಳು ಇಂದಿಗೂ ನಿಂತಿರುವುದು ಅಮ್ಮನ ಭಯಕ್ಕೆ.

ಎಡವುವ ಜಾಗ: ಅಪರೂಪದ ಗಿಡ, ಸೀತೆದಂಡೆ ಎಂಬ ಆರ್ಕಿಡ್, ರಾಮಪತ್ರೆ ಜಡ್ಡಿ ಎಲ್ಲಿದೆ ಎಂಬ ನಿಖರ ಸ್ಥಳವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ರಾಮಪತ್ರೆ ಜಡ್ಡಿ ಎಂದರೆ ವರ್ಷವಿಡೀ ನೀರು ನಿಲ್ಲುವ ಕಣಿವೆಯ ಕಾಡು. ಸಿದ್ದಾಪುರದ ಕತ್ತಲೆಕಾನು ಅದಕ್ಕೆ ಹೆಸರುವಾಸಿ. ನಾಲ್ಕು ಜೀಪು ನುಗ್ಗಿದರೆ ಅದು ಹಾಳಾಗುತ್ತದೆ. ನಕ್ಷೆಯಲ್ಲಿ ಗುರುತು ಇರಲಿ, ನಕ್ಷೆ ಸಮಿತಿಯ ಕಪಾಟಿನಲ್ಲಿರಲಿ.

4. ಠರಾವು ಬರೆಯಿರಿ

ಇಡೀ ಕೆಲಸದ ಗಂಟು ಇಲ್ಲಿದೆ. ಪಂಚಾಯಿತಿಗಳ ಪುಸ್ತಕದಲ್ಲಿ ಹೆಚ್ಚಾಗಿ ಕಾಣುವ ಠರಾವು ಒಂದೇ ಸಾಲಿನದು: 'ಸದರಿ ಸ್ಥಳವನ್ನು ಅಭಿವೃದ್ಧಿಪಡಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಸಹಿ ಹಾಕಿ ಕೊಟ್ಟ ಖಾಲಿ ಕಾಗದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಅಭಿವೃದ್ಧಿ ಎಂದರೇನೆಂದು ಆಮೇಲೆ ಗುತ್ತಿಗೆದಾರ ನಿರ್ಧರಿಸುತ್ತಾನೆ.

ಕ್ರಮ ಹೀಗೆ: ಮೊದಲು ವಾರ್ಡ್ ಸಭೆ, ನಂತರ ಗ್ರಾಮಸಭೆ. ಕಾಲ ನೋಡಿಕೊಂಡು ಕರೆಸಿ. ಘಟ್ಟದ ಮೇಲೆ ಅಡಿಕೆ ಕೊನೆಕೊಯ್ಲಿನ ತಿಂಗಳುಗಳಲ್ಲಿ ಸಭೆ ಕರೆದರೆ ಬರುವವರು ಪಂಚಾಯಿತಿ ನೌಕರರು ಮಾತ್ರ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ ಜೂನ್–ಜುಲೈಯ 61 ದಿನಗಳಲ್ಲಿ ಬೋಟಿನವರು ಮನೆಯಲ್ಲಿರುತ್ತಾರೆ. ಮೀನು ಮಾರುವ ಹೆಂಗಸರು ಬೆಳಿಗ್ಗೆ ಬರಲಾರರು, ಮಧ್ಯಾಹ್ನ ಮೂರರ ಮೇಲೆ ಇಡಿ. ಕೋರಂ ಇಲ್ಲದೆ ಮಾಡಿದ ಠರಾವನ್ನು ಯಾರು ಬೇಕಾದರೂ ಮುರಿಯಬಹುದು, ಹಾಜರಿ ಸಹಿ ಎಣಿಸಿಯೇ ಶುರುಮಾಡಿ.

ಒಕ್ಕಣೆಗೆ ಒಂದು ಮಾದರಿ ಕೊಡುತ್ತೇನೆ, ನಿಮ್ಮೂರಿಗೆ ತಕ್ಕಂತೆ ತಿದ್ದಿಕೊಳ್ಳಿ:

"ವಿಷಯ: ಊರಕೆರೆ, ಅದರ ಏರಿ ಮತ್ತು ತೂಬು, ದಂಡೆಯ ಗುಡಿ, ನಾಲ್ಕು ವೀರಗಲ್ಲು ಹಾಗೂ ಹಿಂದಿನ ಚೌಡಿಬನ ಇವೆಲ್ಲವನ್ನು ಒಂದೇ ಜಾಗವೆಂದು ಪರಿಗಣಿಸುವ ಬಗ್ಗೆ. ಠರಾವು: ಲಗತ್ತಿಸಿದ ನಕ್ಷೆಯಲ್ಲಿ ಕೆಂಪು ಗೆರೆಯೊಳಗಿನ ಪ್ರದೇಶದಲ್ಲಿ ಈವರೆಗೆ ನಡೆದುಬಂದ ಬಳಕೆಗಳು ಅನುಬಂಧ 1ರಲ್ಲಿರುವಂತೆ ಮುಂದುವರಿಯತಕ್ಕದ್ದು. ಈ ಪ್ರದೇಶದಲ್ಲಿ ಯಾವುದೇ ಇಲಾಖೆ, ಸಂಸ್ಥೆ ಅಥವಾ ದಾನಿಯಿಂದ ಕಾಮಗಾರಿಯ ಪ್ರಸ್ತಾವ ಬಂದಲ್ಲಿ ಅದರ ನಕ್ಷೆ ಮತ್ತು ಅಂದಾಜುಪಟ್ಟಿಯನ್ನು 15 ದಿನ ಮೊದಲು ಪಂಚಾಯಿತಿ ಫಲಕದಲ್ಲಿ ಪ್ರಕಟಿಸಿ, ವಾರ್ಡ್ ಸಭೆಯ ಅಭಿಪ್ರಾಯ ಪಡೆದು, ನಂತರ ಗ್ರಾಮಸಭೆಯಲ್ಲಿ ಮಂಡಿಸತಕ್ಕದ್ದು. ಕಲ್ಲು, ಮರ, ನೀರಿನ ದಾರಿ ಇವುಗಳಲ್ಲಿ ಯಾವುದನ್ನೂ ಸ್ಥಳಾಂತರಿಸಕೂಡದು. ವಾಹನಗಳು ಶಾಲೆಯ ಮೈದಾನದಿಂದ ಮುಂದೆ ಬರಕೂಡದು. ವಸೂಲಾದ ಶುಲ್ಕವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಲೆಕ್ಕವನ್ನು ಪ್ರತಿ ಗ್ರಾಮಸಭೆಯಲ್ಲಿ ಓದತಕ್ಕದ್ದು."

ಅನುಬಂಧ 1 ಎಂದರೆ ಮೊದಲ ಹಂತದ ನೋಟ್‌ಬುಕ್ಕಿನ ಸಾರ. ಯಾರು, ಯಾವ ತಿಂಗಳು, ಏನು. ಇದನ್ನು ಬಿಟ್ಟರೆ ನಾಳೆ ದರಕು ಗುಡಿಸುವ ಹೆಂಗಸನ್ನು ಟಿಕೆಟ್ ಹರಿಯುವ ಹುಡುಗ ತಡೆದು ನಿಲ್ಲಿಸುತ್ತಾನೆ.

ಠರಾವಿನ ಶಕ್ತಿಯನ್ನು ಉಬ್ಬಿಸಿ ಹೇಳಲಾರೆ. ಅರಣ್ಯ ಇಲಾಖೆಯನ್ನೋ ಪುರಾತತ್ತ್ವ ಇಲಾಖೆಯನ್ನೋ ಅದು ಕಟ್ಟಿಹಾಕಲಾರದು. ಆದರೆ ಪಂಚಾಯಿತಿಯ ಕೈಯನ್ನು ಕಟ್ಟುತ್ತದೆ, ಹೊರಗಿನವರ ಪ್ರಸ್ತಾವಕ್ಕೆ ಎದುರಾಗಿ ಊರು ಮೊದಲೇ ಏನು ಹೇಳಿತ್ತು ಎಂಬುದಕ್ಕೆ ತಾರೀಖಿನ ಸಮೇತ ಪುರಾವೆಯಾಗುತ್ತದೆ. ಅನುದಾನ ಬಂದ ಮೇಲೆ ಬರೆದ ಠರಾವು ತಕರಾರು ಎನಿಸಿಕೊಳ್ಳುತ್ತದೆ, ಮೊದಲೇ ಬರೆದದ್ದು ನಿಯಮ ಎನಿಸಿಕೊಳ್ಳುತ್ತದೆ.

5. ಕೈ ಹಚ್ಚುವಾಗ

ಕೆರೆಯ ಹೂಳು ತೆಗೆಯುವುದು ಮಾರ್ಚ್‌ನಿಂದ ಮೇವರೆಗೆ. ಗೋಡು ಮಣ್ಣನ್ನು ತೋಟದವರು ತಾವೇ ಬಂದು ಒಯ್ಯುತ್ತಾರೆ, ಸಾಗಿಸುವ ಖರ್ಚು ಅವರ ಮೇಲೆ ಹಾಕಿ. ಕೆರೆಯನ್ನು ಬಟ್ಟಲಿನಂತೆ ಕೊರೆಯಲು ಬಿಡಬೇಡಿ. ಒಂದು ಬದಿಯ ಕೆಸರಂಚನ್ನು ಇಳಿಜಾರಾಗಿಯೇ ಉಳಿಸಿ. ಹಕ್ಕಿ, ಕಪ್ಪೆ, ದನ ಎಲ್ಲಕ್ಕೂ ಅದೇ ದಾರಿ. ಸುತ್ತ ವಾಕಿಂಗ್ ಪಾಥ್ ಎಂಬ ಆಸೆಯನ್ನು ಪೇಟೆಗೆ ಬಿಡಿ, ಹಳ್ಳಿಯವರು ದಿನವಿಡೀ ನಡೆಯುತ್ತಾರೆ.

ಗುಡಿಯ ಗೋಡೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕರಾವಳಿಯಿಂದ ಗೋವಾದವರೆಗೆ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಕಾವಿ ಕಲೆ ಇತ್ತು. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ, ಅದು ಹಸಿಯಿರುವಾಗಲೇ ಮೇಲೆ ಕೆಮ್ಮಣ್ಣಿನ ಲೇಪ, ನಂತರ ಮೊನೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುವುದು. ಕೆಂಪಿನ ಮೇಲೆ ಬಿಳಿಯ ಬಳ್ಳಿ, ನವಿಲು, ದೇವರು. ಹೊನ್ನಾವರದವರಾದ ಕೃಷ್ಣಾನಂದ ಕಾಮತರು ಇದನ್ನು ಊರೂರು ತಿರುಗಿ ದಾಖಲಿಸಿದರು. ಸುಣ್ಣಕ್ಕೆ ಚಿಪ್ಪು ಅಳಿವೆಯಿಂದ, ಬಣ್ಣಕ್ಕೆ ಮಣ್ಣು ಗುಡ್ಡದಿಂದ. ಹೊಳೆ ಕೆಟ್ಟರೆ ಚಿಪ್ಪಿಲ್ಲ, ಚಿಪ್ಪಿಲ್ಲದೆ ಈ ಗೋಡೆಯಿಲ್ಲ. ಇಂಥ ಗೋಡೆಗಳ ಮೇಲೆ ಜೀರ್ಣೋದ್ಧಾರದ ಹೆಸರಿನಲ್ಲಿ ಸ್ನಾನದ ಮನೆಯ ಟೈಲ್ಸ್ ಹಚ್ಚಿದ್ದನ್ನು ನೋಡಿ ಹೊಟ್ಟೆ ಉರಿದಿದೆ. ನಿಮ್ಮ ಗುಡಿಯ ಗೋಡೆಗೆ ಎನಾಮಲ್ ಬಣ್ಣ ಬಳಿಯುವ ಮುನ್ನ ಒಂದು ಮೂಲೆಯ ಹಳೆಯ ಸುಣ್ಣವನ್ನು ಮೆಲ್ಲನೆ ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಕಂಡರೆ ಅಲ್ಲಿಗೇ ನಿಲ್ಲಿಸಿ, ಪುರಾತತ್ತ್ವ ಇಲಾಖೆಯವರನ್ನು ಕರೆಸಿ.

ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ಸಿಮೆಂಟ್ ಗಾರೆ ಹಾಕಬೇಡಿ. ಆ ಕಲ್ಲು ಮಳೆಗಾಲದಲ್ಲಿ ನೀರು ಕುಡಿದು ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದರ ಉಸಿರು ಕಟ್ಟುತ್ತದೆ, ತೇವ ಒಳಗೇ ಉಳಿದು ಕಲ್ಲು ಪುಡಿಯಾಗುತ್ತದೆ. ಸುಣ್ಣದ ಗಾರೆ ಗೊತ್ತಿರುವ ಮುದುಕ ಮೇಸ್ತ್ರಿ ಊರಿನಲ್ಲಿ ಇನ್ನೂ ಇದ್ದರೆ ಅವರ ಕೈಕೆಳಗೆ ಇಬ್ಬರು ಹುಡುಗರನ್ನು ಕೂಲಿ ಕೊಟ್ಟು ಕಲಿಯಲು ಹಚ್ಚಿ.

ಗಿಡ ನೆಡುವುದಾದರೆ ಅಕೇಶಿಯ ಬೇಡ. ಕಾನಿನ ಅಂಚಿನಿಂದಲೇ ಉಪ್ಪಾಗೆ, ಅಪ್ಪೆಮಿಡಿ, ಹಲಸಿನ ಸಸಿ ಎಬ್ಬಿಸಿ. ಬನದೊಳಗೆ ಏನನ್ನೂ ನೆಡಬೇಡಿ, ಅದಕ್ಕೆ ತನ್ನ ಕೆಲಸ ಗೊತ್ತಿದೆ.

ಗುಡ್ಡದ ಬುಡ ಕಡಿದು ಪಾರ್ಕಿಂಗ್ ಮಾಡುವ ಪ್ರಸ್ತಾವ ಬಂದರೆ ಸಭೆಯಲ್ಲಿ ಎದ್ದು ನಿಂತು 2024ರ ಜುಲೈ 16 ಎಂದಷ್ಟೇ ಹೇಳಿ. ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದ ದಿನ ಅದು. ಈ ಜಿಲ್ಲೆಯಲ್ಲಿ ಮತ್ತೆ ವಿವರಿಸಬೇಕಾಗಿಲ್ಲ.

6. ಕರಾವಳಿಯವರಿಗೆ ಪ್ರತ್ಯೇಕ ಮಾತು

ನಿಮಗೆ ಇನ್ನೊಂದು ನಕ್ಷೆ ಬೇಕು: ಕರಾವಳಿ ವಲಯ ನಿರ್ವಹಣಾ ನಕ್ಷೆ. 2019ರ ಸಿಆರ್‌ಝಡ್ ಅಧಿಸೂಚನೆ, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಕಾಂಡ್ಲಾಕಾಡು (ಮ್ಯಾಂಗ್ರೋವ್), ಮರಳದಿಬ್ಬ, ಕೆಸರುಬಯಲು, ಆಮೆ ಮೊಟ್ಟೆಯಿಡುವ ತೀರ ಇವುಗಳನ್ನು ಅತಿ ಕಟ್ಟುನಿಟ್ಟಿನ ವರ್ಗದಲ್ಲಿಟ್ಟಿದೆ. ಹೆಚ್ಚಿನವರು ಗಮನಿಸದ ಸಂಗತಿ ಎಂದರೆ ಅದೇ ವರ್ಗದಲ್ಲಿ ಪುರಾತತ್ತ್ವ ಮಹತ್ವದ ಜಾಗಗಳೂ ಪಾರಂಪರಿಕ ತಾಣಗಳೂ ಇವೆ. ಕಾಂಡ್ಲಾ ಮತ್ತು ಕೋಟೆಯನ್ನು ಒಂದೇ ಸಾಲಿನಲ್ಲಿ ಬರೆದ ಸರ್ಕಾರಿ ಕಾಗದ ಅಪರೂಪ, ಬಳಸಿಕೊಳ್ಳಿ. ನಿಮ್ಮ ಪಟ್ಟಿಯಲ್ಲಿರುವ ಹಳೆಯ ಬಂದರುಕಟ್ಟೆ, ತೀರದ ಗುಡಿ ಆ ನಕ್ಷೆಯಲ್ಲಿ ಗುರುತಾಗಿದೆಯೇ ನೋಡಿ. ಇಲ್ಲವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಬರೆಯಿರಿ. ಅದರಲ್ಲಿ ಮೀನುಗಾರರೂ ಸೇರಿದಂತೆ ಸಾಂಪ್ರದಾಯಿಕ ಕರಾವಳಿ ಸಮುದಾಯದ ಕನಿಷ್ಠ ಮೂವರು ಪ್ರತಿನಿಧಿಗಳು ಇರಬೇಕು. ಅವರು ಯಾರೆಂದು ಮೊದಲು ತಿಳಿದುಕೊಂಡು ಅವರ ಮೂಲಕವೇ ಹೋಗಿ.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, 4,801 ಹೆಕ್ಟೇರ್. ಫಲಕ ಬಿದ್ದ ತಕ್ಷಣ ಬೋಟಿಂಗ್ ಯೋಜನೆ ಬರೆಯಲು ಕೂರುವವರಿದ್ದಾರೆ. ಆ ಅಳಿವೆ ಉಳಿದದ್ದು ಗಜನಿಯ ಒಡ್ಡು ಕಾಯುವ ರೈತರಿಂದ, ಮಳೆಗಾಲದಲ್ಲಿ ಕಗ್ಗ, ಆಮೇಲೆ ಮೀನು, ಸಿಗಡಿ ಎಂಬ ಸರದಿಯಿಂದ, ಇಳಿತದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರಿಂದ, ಸಾಣಿಕಟ್ಟೆಯ ಉಪ್ಪಿನ ಆಗರದವರಿಂದ. ಯೋಜನೆಯ ಮೊದಲ ಪುಟದಲ್ಲಿ ಒಡ್ಡಿನ ದುರಸ್ತಿ ಇರಲಿ, ದೋಣಿವಿಹಾರ ಬೇಕಿದ್ದರೆ ಕೊನೆಯ ಪುಟದಲ್ಲಿರಲಿ.

ಕಡಲತೀರದ 'ಸೌಂದರ್ಯೀಕರಣ'ದಲ್ಲಿ ಮೊದಲು ಮಾಯವಾಗುವುದು ಮೀನು ಒಣಗಿಸುವ ಜಾಗ, ಬಲೆ ಹರಡುವ ಜಾಗ, ದೋಣಿ ಎಳೆದಿಡುವ ಜಾಗ. ನಕ್ಷೆಯಲ್ಲಿ ಅವು ಖಾಲಿ ಮರಳಾಗಿ ಕಾಣುತ್ತವೆ. ನಿಮ್ಮ ನಕ್ಷೆಯಲ್ಲಿ ಅವುಗಳ ಮೇಲೆ ಬಣ್ಣ ಹಚ್ಚಿ, ಬಳಸುವವರ ಹೆಸರು ಬರೆಯಿರಿ. ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಸಿಕ್ಕ ಬ್ಲೂ ಫ್ಲ್ಯಾಗ್‌ನಂಥ ಮಾನ್ಯತೆ ನೀರಿನ ಶುದ್ಧತೆ, ಸ್ನಾನದ ಸುರಕ್ಷೆ, ಸೌಕರ್ಯ ನೋಡಿ ಕೊಡುವಂಥದ್ದು. ಒಳ್ಳೆಯದೇ. ಮೀನು ಒಣಗಿಸುವ ಹಕ್ಕಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಹೇಳಬೇಕಾದವರು ನೀವು.

ಆಮೆಯ ಮೊಟ್ಟೆಯ ಕಾಲ ಚಳಿಗಾಲ. ಆ ತಿಂಗಳುಗಳಲ್ಲಿ ತೀರಕ್ಕೆ ಪ್ರಖರ ದೀಪ, ರಾತ್ರಿ ಸಂಗೀತ, ವಾಹನ ಬೇಡವೆಂದು ಠರಾವಿನಲ್ಲಿಯೇ ಬರೆಯಿರಿ. ಪ್ರವಾಸಿ ಹಂಗಾಮೂ ಅದೇ ಆದ್ದರಿಂದ ಜಗಳ ಖಚಿತ.

7. ಈಗ ಹಣ

ಚಿಕ್ಕದರಿಂದ ಶುರುಮಾಡಿ. ಏರಿ ಸರಿಪಡಿಸುವುದು, ಕಾಲುವೆ ಬಿಡಿಸುವುದು, ಕಲ್ಲುಕಟ್ಟುವುದು ಇವನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ, ಅಂದರೆ ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಸೇರಿಸಿ. ಉದ್ಯೋಗ ಖಾತ್ರಿ ಕೆಲಸವಾಗಿ ಮಾಡಿಸಿದರೆ ಊರಿನವರ ಕೈಗೇ ಕೂಲಿ, ಗುತ್ತಿಗೆದಾರನ ಪ್ರವೇಶವಿಲ್ಲ. ಹಳೆಯ ಕಲ್ಲಿನ ಹತ್ತಿರ ಜೆಸಿಬಿ ಬರದಿರುವುದೇ ದೊಡ್ಡ ಲಾಭ. ದೊಡ್ಡ ಅನುದಾನ ಒಮ್ಮೆಲೇ ಬಂದರೆ ಮಾರ್ಚ್ 31ರೊಳಗೆ ಖರ್ಚು ಮಾಡುವ ಅವಸರ ಜೊತೆಗೇ ಬರುತ್ತದೆ. ಅವಸರಕ್ಕೆ ಸಿಮೆಂಟೇ ಸುಲಭ.

ಮಾನ್ಯತೆ ಬೇಕೆಂದರೆ ಜೀವವೈವಿಧ್ಯ ಕಾಯ್ದೆಯ 37ನೇ ಸೆಕ್ಷನ್ ನೋಡಿ. ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ರಾಜ್ಯ ಸರ್ಕಾರ 'ಜೀವವೈವಿಧ್ಯ ಪಾರಂಪರಿಕ ತಾಣ' ಘೋಷಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದಲ್ಲಿಯೇ ಮೊದಲು ಈ ಹೆಸರು ಪಡೆಯಿತು. ಊರಿನವರು ತಾವಾಗಿ ಒಪ್ಪಿದ ಕಟ್ಟುಪಾಡುಗಳ ಹೊರತು, ನಡೆದುಬಂದ ಬಳಕೆಗೆ ತಡೆ ಹಾಕಬಾರದು ಎಂಬುದು ಇದರ ಮಾರ್ಗಸೂಚಿಯ ಆಶಯ. ಹಾಗಾಗಿ ಬೇರೆ ಘೋಷಣೆಗಳಿಗಿಂತ ಇದು ನನಗೆ ಹಿಡಿಸುತ್ತದೆ. ಪ್ರಸ್ತಾವಕ್ಕೆ ಬೇಕಾದ ನಕ್ಷೆ, ಪಟ್ಟಿ, ಠರಾವು ಎಲ್ಲ ನಿಮ್ಮ ಕೈಯಲ್ಲಾಗಲೇ ಇವೆ. ಮುಖಪತ್ರ ಬರೆದು ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಕಳಿಸಿ. ಆರಂಭದಲ್ಲಿ ನಾನು ತಡೆದಿದ್ದ ಅರ್ಜಿ ಇದೇ.

8. ವರ್ಷದ ಪಟ್ಟಿ

ಒಂದು ಹಾಳೆ ಸಾಕು. ಮೇ ಕೊನೆಯಲ್ಲಿ ಕೋಡಿ ಮತ್ತು ಕಾಲುವೆ ಬಿಡಿಸುವವರು ಯಾರು, ಮಳೆಗಾಲದಲ್ಲಿ ತೂಬಿನ ಹೊಣೆ ಯಾರದು, ಜಾತ್ರೆಯ ಮರುದಿನ ಕಸ ತೆಗೆಯುವವರು ಯಾರು, ಶುಲ್ಕದ ಪುಸ್ತಕ ಯಾರ ಹತ್ತಿರ. ಹೆಸರು ಬರೆಯಿರಿ, 'ಊರಿನವರು' ಎಂದು ಬರೆಯಬೇಡಿ.

ಠರಾವಿನ ದೃಢೀಕೃತ ಪ್ರತಿ ಮೂರು ಮಾಡಿಸಿ. ಒಂದು ಶಾಲೆಯಲ್ಲಿ, ಒಂದು ಹಾಲು ಡೇರಿ ಅಥವಾ ಸೇವಾ ಸಹಕಾರಿ ಸಂಘದ ಕಪಾಟಿನಲ್ಲಿ, ಒಂದು ಬನಕ್ಕೆ ಕಾಯಿ ಒಡೆಯುವವರ ಮನೆಯಲ್ಲಿ. ಮಳೆಗಾಲದಲ್ಲಿ ಗೆದ್ದಲು, ಬೂಷ್ಟು ಎರಡೂ ಇರುತ್ತವೆ, ಪ್ಲಾಸ್ಟಿಕ್ ಹಾಕಿಸಿಯೇ ಇಡಿ.